ಹಳೆಯ ಜೀಪಿಗೆ ಹೊಸ ಕಣ್ಣು



ಮಳೆಗಾಲ ಹತ್ತಿರವಾದಂತೆ ನಮ್ಮ ಸಂಘದ ಅಂಗಳದಲ್ಲಿ ಒಂದು ಬಗೆಯ ಮಾತು ಹೆಚ್ಚಾಗುತ್ತದೆ. ಆಂಬೋಲಿಗೆ ಯಾವಾಗ ಹೊರಡೋಣ, ಚೋರ್ಲಾ ಘಾಟಿನ ರಸ್ತೆ ಹೇಗಿದೆ, ಆಗುಂಬೆಯವರೆಗೂ ಹೋಗಿಬರಲು ರಜೆ ಸಾಕಾದೀತೇ ಎಂಬ ಚರ್ಚೆ. ನಿಮ್ಮಲ್ಲಿ ಕೆಲವರು ಹಳೆಯ ಮಹೀಂದ್ರ ಜೀಪನ್ನೋ ಮಾರುತಿ ಜಿಪ್ಸಿಯನ್ನೋ ಕೊಂಡು, ಭಾನುವಾರಗಳನ್ನೆಲ್ಲ ಅದರ ಅಡಿಯಲ್ಲಿ ಮಲಗಿಯೇ ಕಳೆಯುತ್ತೀರಿ ಎಂದು ನಿಮ್ಮ ತಾಯಂದಿರು ಹೇಳುತ್ತಾರೆ. ಬಟ್ಟೆಗೆ ಹತ್ತಿದ ಗ್ರೀಸು ಹೋಗುವುದಿಲ್ಲವೆಂಬುದು ಅವರ ದೂರು. ನನ್ನದೇನೂ ದೂರಿಲ್ಲ. ಕೈ ಕೆಸರು ಮಾಡಿಕೊಂಡು ಕಲಿತ ವಿದ್ಯೆ ಎಲ್ಲಿಗೂ ಹೋಗುವುದಿಲ್ಲ.

ಹೀಗೆ ಜೀಪು ಕೊಂಡವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ರಾತ್ರಿ ಹೊತ್ತು ಲೈಟು ಸಾಲುವುದಿಲ್ಲ. ಯಾವ ಬಲ್ಬು ಹಾಕಿಸಲಿ?" ಈ ಸಲದ ಅಂಕಣ ಅದಕ್ಕೇ ಮೀಸಲು. ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಬಲ್ಬು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ, ಕೊನೆಯ ಪ್ರಶ್ನೆಗಳಲ್ಲಿ ಒಂದು. ಹೆಡ್‌ಲೈಟಿನ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದು ಎಷ್ಟು ಉರಿಯುತ್ತದೆ ಎಂಬುದರಿಂದಲ್ಲ. ಬೆಳಕು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದರಿಂದ. ಈ ಒಂದು ಮಾತು ನೆನಪಿದ್ದರೆ ಅಂಗಡಿಯವನು ನಿಮ್ಮನ್ನು ಸುಲಭವಾಗಿ ಮರುಳುಮಾಡಲಾರ.

ನಿಮ್ಮ ಗಾಡಿಯ ದೀಪ ಎಂಥದು?

ಮೊದಲು ಒಂದು ಸಮಾಧಾನದ ಸುದ್ದಿ. ಹಳೆಯ ಜೀಪಿನ ದುಂಡು ದೀಪಕ್ಕೆ ಬಿಡಿಭಾಗ ಸಿಗುವುದು ಕಷ್ಟವೇನಲ್ಲ. 7 ಇಂಚಿನ ದುಂಡು ಹೆಡ್‌ಲೈಟು 1940ರಲ್ಲಿ ಅಮೆರಿಕದಲ್ಲಿ ಮಾದರಿ ಅಳತೆಯಾಗಿ ಜಾರಿಗೆ ಬಂತು. ವಿಲ್ಲೀಸ್ ಕಂಪನಿ 1945ರಲ್ಲಿ ಜನಸಾಮಾನ್ಯರಿಗೆಂದು ಜೀಪು ತಯಾರಿಸಿದಾಗ ಅದಕ್ಕೂ ಅದೇ ದೀಪ. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿದಾಗ ಆ ಅಳತೆ ನಮ್ಮ ದೇಶಕ್ಕೂ ಬಂತು. 1985ರ ಕೊನೆಯಲ್ಲಿ ಬಂದ ಜಿಪ್ಸಿಗೂ ದುಂಡು ದೀಪವೇ. ಎಂಬತ್ತು ವರ್ಷ ದಾಟಿದ ಅಳತೆಯಾದ್ದರಿಂದ ಅದಕ್ಕೆ ಹೊಂದುವ ಒಳ್ಳೆಯ ಸಾಮಾನೂ ಸಿಗುತ್ತದೆ, ಕೆಟ್ಟ ಸಾಮಾನೂ ಸಿಗುತ್ತದೆ. ಆರಿಸುವ ಜಾಣ್ಮೆ ನಿಮ್ಮದಾಗಬೇಕು.

ಜಾಣ್ಮೆಗೆ ಸ್ವಲ್ಪ ತಿಳಿವಳಿಕೆ ಬೇಕು. ದೀಪದಲ್ಲಿ ಮೂರು ಅಂಗಗಳಿವೆ: ಬೆಳಕು ಕೊಡುವ ಬಲ್ಬು, ಅದನ್ನು ಮುಂದಕ್ಕೆ ತಳ್ಳುವ ಬೋಗುಣಿಯಾಕಾರದ ಕನ್ನಡಿ, ಅಂದರೆ ರಿಫ್ಲೆಕ್ಟರು, ಮತ್ತು ಮುಂದಿನ ಗಾಜು. ಈಗ ಹೆಚ್ಚಾಗಿ ಕಾಣುವ ಬಲ್ಬು 1971ರಲ್ಲಿ ಬಂದ ಎಚ್-4 ಎಂಬ ಹ್ಯಾಲೊಜನ್ ಜಾತಿಯದು. ಅದರೊಳಗೆ ಎರಡು ತಂತಿಗಳಿವೆ. ಒಂದು ದೂರದ ಬೆಳಕಿಗೆ, ಇನ್ನೊಂದು ತಗ್ಗಿದ ಬೆಳಕಿಗೆ. ಗ್ಯಾರೇಜಿನ ಭಾಷೆಯಲ್ಲಿ ಅಪ್ಪರ್ ಮತ್ತು ಡಿಪ್ಪರ್. ಡಿಪ್ಪರ್ ತಂತಿಯ ಕೆಳಗೆ ಲೋಹದ ಒಂದು ಪುಟ್ಟ ಬಟ್ಟಲಿದೆ. ಹೊಸ ಬಲ್ಬು ಕೈಗೆ ಬಂದಾಗ ಗಾಜು ಮುಟ್ಟದೆ ಇಣುಕಿ ನೋಡಿ, ಕಾಣುತ್ತದೆ. ಆ ಬಟ್ಟಲು ಕೆಳಮುಖದ ಬೆಳಕನ್ನು ತಡೆದು, ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬೀಳುವಂತೆ ಮಾಡುತ್ತದೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ಕೆಳಕ್ಕೆ, ರಸ್ತೆಯತ್ತ ತಿರುಗುತ್ತದೆ. ಹೀಗಾಗಿ ಡಿಪ್ಪರಿನ ಬೆಳಕಿಗೆ ಗೋಡೆಯ ಮೇಲೆ ಗೆರೆ ಎಳೆದಂತೆ ಒಂದು ಅಂಚು ಇರುತ್ತದೆ. ಅಂಚಿನ ಕೆಳಗೆ ಬೆಳಕು, ಮೇಲೆ ಕತ್ತಲು.

ಆ ಕತ್ತಲು ದೀಪದ ದೋಷವಲ್ಲ. ಅದನ್ನು ಬೇಕೆಂದೇ, ಲೆಕ್ಕಹಾಕಿ ಇಟ್ಟಿದ್ದಾರೆ. ಎದುರಿನಿಂದ ಬರುವವನ ಕಣ್ಣುಗಳಿರುವುದು ಆ ಕತ್ತಲಿನ ಪಾಲಿನಲ್ಲಿ. ನಾವು ಎಡಗಡೆ ಗಾಡಿ ಓಡಿಸುವವರಾದ್ದರಿಂದ ಅಂಚು ಬಲಗಡೆ ಮಟ್ಟಸವಾಗಿ ತಗ್ಗಿರುತ್ತದೆ. ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೇರಿ ರಸ್ತೆಬದಿಯ ಮೈಲಿಗಲ್ಲನ್ನೂ ನಡೆದುಹೋಗುವವರನ್ನೂ ತೋರಿಸುತ್ತದೆ. ಒಂದು ಪುಟ್ಟ ಬಟ್ಟಲಿನಲ್ಲಿ ಎಷ್ಟು ವಿವೇಕ ತುಂಬಿದೆ, ನೋಡಿ!

ಮೊದಲ ಕೆಲಸ: ಬೆಳಕಿಗೆ ಊಟ ಹಾಕಿ

ಹಳೆಯ ಜೀಪಿನ ದೀಪ ಮಂಕಾಗಿದ್ದರೆ ಬಹಳ ಸಲ ತಪ್ಪು ಬಲ್ಬಿನದಲ್ಲ, ವಯರಿನದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಓಡಿ ದೀಪ ಸೇರಬೇಕು. ಮೂವತ್ತು ವರ್ಷದ ತೆಳು ವಯರು, ಸವೆದ ಸ್ವಿಚ್ಚು, ಕಿಲುಬು ಹಿಡಿದ ಟರ್ಮಿನಲ್ಲು, ತುಕ್ಕು ತಿಂದ ಅರ್ಥು. ಪ್ರತಿಯೊಂದು ಕಡೆಯೂ ಸುಂಕ ಕಟ್ಟಿಕಟ್ಟಿ, ದೀಪ ತಲಪುವ ಹೊತ್ತಿಗೆ ಉಳಿಯುವುದು ಕಡಿಮೆ.

ಇದರ ಪೆಟ್ಟು ನೀವು ಎಣಿಸಿದ್ದಕ್ಕಿಂತ ದೊಡ್ಡದು. 60/55 ವ್ಯಾಟಿನ ಎಚ್-4 ಬಲ್ಬು 13.2 ವೋಲ್ಟು ಸಿಕ್ಕಾಗ ಡಿಪ್ಪರಿನಲ್ಲಿ ಸುಮಾರು 1000 ಲ್ಯೂಮೆನ್, ಅಪ್ಪರಿನಲ್ಲಿ ಸುಮಾರು 1650 ಲ್ಯೂಮೆನ್ ಬೆಳಕು ಕೊಡಬೇಕು. ಲ್ಯೂಮೆನ್ ಎಂದರೆ ಬೆಳಕಿನ ಅಳತೆ. ಅದೇ ಬಲ್ಬಿಗೆ 12 ವೋಲ್ಟು ಮಾತ್ರ ತಲಪಿದರೆ ಬೆಳಕು ನೂರಕ್ಕೆ ಎಪ್ಪತ್ತೆರಡರಷ್ಟಕ್ಕೆ ಇಳಿಯುತ್ತದೆ. 10.8 ವೋಲ್ಟು ಮಾತ್ರ ತಲಪಿದರೆ ಅರ್ಧ! ವೋಲ್ಟು ಕಡಿಮೆಯಾದದ್ದು ಐದರಲ್ಲಿ ಒಂದು ಪಾಲೂ ಇಲ್ಲ, ಬೆಳಕು ಹೋದದ್ದು ಅರ್ಧ. ತಂತಿ ಬಿಸಿಯಾದಷ್ಟೂ ಬೆಳಕು ಹಲವು ಪಟ್ಟು ಏರುವುದೂ, ತಣಿದಷ್ಟೂ ಹಲವು ಪಟ್ಟು ಇಳಿಯುವುದೂ ಇದಕ್ಕೆ ಕಾರಣ. ಹೀಗೆ ಉಪವಾಸವಿರುವ ದೀಪಕ್ಕೆ ದೊಡ್ಡ ಬಲ್ಬು ಹಾಕಿದರೆ ಅದು ಇನ್ನೂ ಹೆಚ್ಚು ಕರೆಂಟು ಕೇಳುತ್ತದೆ, ವಯರು ಇನ್ನೂ ಬಿಸಿಯಾಗುತ್ತದೆ.

ಆದ್ದರಿಂದ ಮೊದಲು ಅಳೆದು ನೋಡಿ. ಒಂದು ಸಾಧಾರಣ ಮಲ್ಟಿಮೀಟರು ಸಾಕು. ಎಂಜಿನ್ ಓಡುತ್ತಿರಲಿ, ದೀಪ ಉರಿಯುತ್ತಿರಲಿ. ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ, ಆಮೇಲೆ ಬಲ್ಬಿನ ಹೋಲ್ಡರಿನಲ್ಲಿ ಅಳೆಯಿರಿ. ಎರಡಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ವಯರಿಂಗಿಗೆ ಕೈ ಹಾಕಲೇಬೇಕು. ಅರ್ಥು ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಕೆರೆದು ಬಿಗಿಯಾಗಿ ಕಟ್ಟುವುದರಿಂದಲೇ ಕೆಲವೊಮ್ಮೆ ಅರ್ಧ ರೋಗ ವಾಸಿಯಾಗುತ್ತದೆ. ಖರ್ಚು ಒಂದು ತುಂಡು ಮರಳು ಕಾಗದ.

ಉಳಿದ ಅರ್ಧಕ್ಕೆ ಮದ್ದು ರಿಲೇ. ಇದು ದೊಡ್ಡ ರಹಸ್ಯವೇನಲ್ಲ. ಮನೆಯ ಯಜಮಾನ ಕುಳಿತಲ್ಲಿಂದ ಸನ್ನೆ ಮಾಡಿದರೆ ಆಳು ಭಾರ ಹೊರುವಂತೆ, ಹಳೆಯ ಸ್ವಿಚ್ಚು ಸನ್ನೆಯನ್ನಷ್ಟೇ ಮಾಡುತ್ತದೆ, ಭಾರ ಹೊರುವುದು ರಿಲೇ. ಎರಡು 55 ವ್ಯಾಟಿನ ಬಲ್ಬುಗಳೆಂದರೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ರಿಲೇ ಹಾಕಿದ ಮೇಲೆ ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರ್‌ಗಿಂತಲೂ ಕಡಿಮೆ. ಡಿಪ್ಪರಿಗೊಂದು, ಅಪ್ಪರಿಗೊಂದು, ಹೀಗೆ ಎರಡು 30 ಆಂಪಿಯರಿನ ರಿಲೇ ಹಾಕಿ. ಬ್ಯಾಟರಿಯಿಂದ ನೇರವಾಗಿ ಬರುವ ವಯರು 2.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ಪ್ರತಿ ರಿಲೇಗೂ ಬೇರೆ ಬೇರೆ 15 ಆಂಪಿಯರಿನ ಫ್ಯೂಸು ಇರಲಿ. ಘಾಟಿನ ತಿರುವಿನಲ್ಲಿ ಒಂದು ಸುಟ್ಟರೂ ಇನ್ನೊಂದು ದೀಪ ಉಳಿಯುತ್ತದೆ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ. ಬ್ಯಾಟರಿಯಿಂದ ಫ್ಯೂಸಿನವರೆಗಿನ ವಯರಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಆ ತುಂಡು ಗಿಡ್ಡವಿದ್ದಷ್ಟೂ ಒಳ್ಳೆಯದು. ರಿಲೇಯ ಕಾಲುಗಳ ಮೇಲೆ ಸಂಖ್ಯೆಗಳಿರುತ್ತವೆ: 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86ಕ್ಕೆ ಸ್ವಿಚ್ಚಿನ ಸನ್ನೆ ಹಾಗೂ ಅರ್ಥು. ನೀವು ತೊರೆ ದಾಟಿಸುವವರಾದರೆ ರಿಲೇಗಳನ್ನು ಎತ್ತರದಲ್ಲಿ, ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿ, ನೀರು ನಿಲ್ಲುವುದಿಲ್ಲ.

ಎರಡನೆಯದು: ಕನ್ನಡಿ, ಗಾಜು, ಆಮೇಲೆ ಬಲ್ಬು

ವಯರು ಸರಿಹೋದ ಮೇಲೆ ರಿಫ್ಲೆಕ್ಟರಿನ ಮುಖ ನೋಡಿ. ಬೆಳ್ಳಿಯಂತೆ ಹೊಳೆಯಬೇಕಾದದ್ದು ಹೊಗೆ ಹಿಡಿದಂತೆ ಮಾಸಿದ್ದರೆ, ಚುಕ್ಕೆ ಚುಕ್ಕೆ ತುಕ್ಕು ಕಂಡರೆ, ಅದನ್ನು ಉಜ್ಜಿ ಹೊಳಪು ತರಿಸುವ ಸಾಹಸ ಬೇಡ. ಆ ಲೇಪ ಬಹಳ ತೆಳು, ಉಜ್ಜಿದರೆ ಉಳಿದದ್ದೂ ಹೋಗುತ್ತದೆ. ಇಡೀ ದೀಪವನ್ನೇ, ಅಂದರೆ ರಿಫ್ಲೆಕ್ಟರೂ ಗಾಜೂ ಕೂಡಿದ ಘಟಕವನ್ನು, ಹೆಸರುವಾಸಿ ತಯಾರಕರದ್ದು ನೋಡಿ ಬದಲಿಸಿ. ಹಳೆಯ ಸೀಲ್ಡ್ ಬೀಮ್ ದೀಪವಿದ್ದವರು ಎಚ್-4 ಬಲ್ಬು ಕೂರುವ ಗಾಜಿನ ದೀಪಕ್ಕೆ ಬದಲಾಯಿಸಿಕೊಂಡರೆ ಸಿಗುವ ಲಾಭ ದೊಡ್ಡದು. ಮುಂದೆ ಬಲ್ಬು ಹೋದರೆ ಬಲ್ಬೊಂದನ್ನೇ ಕೊಂಡರಾಯಿತು.

ಇಲ್ಲಿ ಒಂದು ಗುರುತನ್ನು ಕಲಿತಿರಿ. ಯುರೋಪಿನ ಮಾನದಂಡದ ದೀಪಗಳ ಗಾಜಿನ ಮೇಲೆ ವೃತ್ತದೊಳಗೆ 'ಇ' ಅಕ್ಷರವೂ ಒಂದು ಸಂಖ್ಯೆಯೂ ಅಚ್ಚಾಗಿರುತ್ತವೆ. ಅದರ ಹತ್ತಿರ ಒಂದು ಬಾಣದ ಗುರುತಿದೆಯೇ ನೋಡಿ. ದೀಪಕ್ಕೆ ಮುಖಮಾಡಿ ನಿಂತ ನಿಮ್ಮ ಬಲಕ್ಕೆ ಆ ಬಾಣ ತಿರುಗಿದ್ದರೆ ಅದು ನಮ್ಮಂತೆ ಎಡಗಡೆ ಓಡಿಸುವ ದೇಶಕ್ಕೆ ಮಾಡಿದ ದೀಪ. ಎರಡೂ ಕಡೆ ತಿರುಗಿದ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವ ದೇಶದ ದೀಪ. ಅಮೆರಿಕದಿಂದ ಬಂದ ಅಣ್ಣನೋ ಭಾವನೋ ಪ್ರೀತಿಯಿಂದ ಪೆಟ್ಟಿಗೆಯಲ್ಲಿ ತಂದುಕೊಟ್ಟ ದುಬಾರಿ ದೀಪದಲ್ಲಿ ಸಾಮಾನ್ಯವಾಗಿ ಇರುವ ತೊಂದರೆ ಇದೇ. ಅಲ್ಲಿ ರಸ್ತೆಯಂಚನ್ನು ತೋರಿಸಲೆಂದು ಬಲಕ್ಕೆ ಚಾಚಿದ ಬೆಳಕು ಇಲ್ಲಿ ನೇರವಾಗಿ ಎದುರು ಬರುವವನ ಕಣ್ಣಿಗೆ ಹೋಗುತ್ತದೆ. ಉಡುಗೊರೆಯನ್ನು ಗೌರವದಿಂದ ಕಪಾಟಿನಲ್ಲಿಡಿ, ಗಾಡಿಗೆ ಮಾತ್ರ ಹಾಕಬೇಡಿ.

ಈಗ ಬಲ್ಬಿನ ಸರದಿ. ಅಂಗಡಿಯವನು ಮೊದಲು ತೋರಿಸುವುದು 100/90 ವ್ಯಾಟಿನದನ್ನು. ಎರಡು ದೀಪಕ್ಕೆ 200 ವ್ಯಾಟು, 12 ವೋಲ್ಟಿನಲ್ಲಿ 16 ಆಂಪಿಯರ್‌ಗೂ ಹೆಚ್ಚು. ಹಳೆಯ ಜೀಪಿನ ಚಾರ್ಜಿಂಗ್ ವ್ಯವಸ್ಥೆಗೆ, ಅದರಲ್ಲೂ ವೈಪರೂ ಓಡುತ್ತಿರುವ ಮಳೆರಾತ್ರಿಯಲ್ಲಿ, ಇದು ದೊಡ್ಡ ಹೊರೆ. ಶಾಖಕ್ಕೆ ರಿಫ್ಲೆಕ್ಟರಿನ ಲೇಪ ಸುಡುತ್ತದೆ, ಪ್ಲಾಸ್ಟಿಕ್ ಹೋಲ್ಡರು ಕರಗುತ್ತದೆ, ಕಾದ ಗಾಜಿನ ಮೇಲೆ ತೊರೆಯ ತಣ್ಣೀರು ಎರಚಿದರೆ ಗಾಜು ಸೀಳಬಹುದು. ರಸ್ತೆಗೆ ಎಷ್ಟು ಹೆಚ್ಚು ಬೆಳಕು ಬಿತ್ತೋ ಎದುರಿನವನ ಕಣ್ಣಿಗೂ ಅಷ್ಟೇ ಹೆಚ್ಚು ಬಿತ್ತು. ಬೇಡ.

ಅದೇ 60/55 ವ್ಯಾಟಿನಲ್ಲಿ ಹೆಸರುವಾಸಿ ಕಂಪನಿಯ ಉತ್ತಮ ಬಲ್ಬು ತಂದರೆ ಸಾಕು. "ನೂರಮೂವತ್ತು ಪರ್ಸೆಂಟ್ ಹೆಚ್ಚು ಬೆಳಕು" ಎಂಬ ಪೆಟ್ಟಿಗೆಯ ಮಾತನ್ನು ಅಕ್ಷರಶಃ ನಂಬಬೇಡಿ. ಅದು ರಸ್ತೆಯ ಒಂದೆರಡು ಜಾಗದ ಲೆಕ್ಕ, ಒಟ್ಟು ಬೆಳಕಿನದಲ್ಲ. ಅಂಥ ಬಲ್ಬುಗಳು ಚೆನ್ನಾಗಿಯೇ ಇರುತ್ತವೆ, ಆದರೆ ಆಯುಸ್ಸು ಕಡಿಮೆ. ನೀಲಿ ಬಣ್ಣ ಬಳಿದ ಬಲ್ಬು ಮಾತ್ರ ಬೇಡ. ಆ ಬಣ್ಣ ಬೆಳಕಿನಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಬಲ್ಬು ಹಾಕುವಾಗ ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಕಾದು ಬಲ್ಬಿನ ಆಯುಸ್ಸನ್ನು ತಿನ್ನುತ್ತದೆ. ಒಂದು ಜೊತೆ ಬಲ್ಬು, ನಾಲ್ಕು ಫ್ಯೂಸು ಯಾವಾಗಲೂ ಗಾಡಿಯಲ್ಲಿರಲಿ.

ಎಲ್.ಇ.ಡಿ. ವಿಚಾರ

"ಇದೆಲ್ಲ ಹಳೆಯ ಕಾಲದ ಮಾತು, ಈಗ ಎಲ್.ಇ.ಡಿ. ಬಂದಿದೆಯಲ್ಲ" ಎನ್ನುತ್ತೀರಿ. ಬಂದಿದೆ, ಒಳ್ಳೆಯದೇ. ಆದರೆ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಹಳೆಯ ಎಚ್-4 ಬೋಗುಣಿಯೊಳಗೆ ತೂರಿಸುವ ಎಲ್.ಇ.ಡಿ. ಬಲ್ಬು ಒಂದು. ಮೊದಲಿನಿಂದಲೇ ಎಲ್.ಇ.ಡಿ.ಗೆಂದು ವಿನ್ಯಾಸಗೊಳಿಸಿದ ಇಡೀ 7 ಇಂಚಿನ ದೀಪ ಇನ್ನೊಂದು.

ಮೊದಲನೆಯದು ತೊಂದರೆಯ ಬುಟ್ಟಿ. ಎಚ್-4 ರಿಫ್ಲೆಕ್ಟರನ್ನು ಕೆತ್ತಿರುವುದು ಒಂದು ಸಣ್ಣ ಸುರುಳಿ ತಂತಿ ನಿರ್ದಿಷ್ಟ ಜಾಗದಲ್ಲಿದ್ದು, ಸುತ್ತಲೂ ಸಮನಾಗಿ ಬೆಳಕು ಚೆಲ್ಲುತ್ತದೆ ಎಂದು ನಂಬಿ. ಎಲ್.ಇ.ಡಿ. ಬಲ್ಬಿನಲ್ಲಿ ಒಂದು ಪಟ್ಟಿಯ ಆಚೀಚೆ ಚಪ್ಪಟೆ ಚಿಪ್ಪುಗಳಿರುತ್ತವೆ. ಅವು ಎರಡು ಪಕ್ಕಕ್ಕೆ ಬೆಳಕು ಚೆಲ್ಲುತ್ತವೆ. ಜಾಗ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಸಾಕು, ಅಂಚು ಕದಡಿಹೋಗುತ್ತದೆ. ಕತ್ತಲಿರಬೇಕಾದ ಕಡೆ ಬೆಳಕು, ಬೆಳಕಿರಬೇಕಾದ ಕಡೆ ಮಂಕು. ಓಡಿಸುವವನಿಗೆ ಮಾತ್ರ ಗಾಡಿಯ ಮುಂದಿನ ಹತ್ತಡಿ ಬೆಳ್ಳಗೆ ಫಳಫಳಿಸುವುದರಿಂದ "ಎಂಥ ಬೆಳಕು!" ಎನಿಸುತ್ತದೆ. ಹತ್ತಿರದ ಆ ಬಿಳುಪಿಗೆ ಕಣ್ಣು ಹೊಂದಿಕೊಂಡಷ್ಟೂ ದೂರದ ಕತ್ತಲಿನಲ್ಲಿರುವುದು ಕಾಣುವುದು ಕಷ್ಟ. ಎಚ್.ಐ.ಡಿ. ಕಿಟ್ಟುಗಳದ್ದೂ ಇದೇ ಕಥೆ, ಇನ್ನೂ ಜೋರಾಗಿ.

ಜರ್ಮನಿಯಂಥ ದೇಶದಲ್ಲಿ ಹ್ಯಾಲೊಜನ್ ದೀಪಕ್ಕೆ ಹಾಕುವ ಎಲ್.ಇ.ಡಿ. ಬಲ್ಬಿಗೆ ರಸ್ತೆಯ ಅನುಮತಿ ಮೊದಲು ಸಿಕ್ಕಿದ್ದು 2020ರಲ್ಲಿ. ಅದೂ ಪರೀಕ್ಷೆ ಮಾಡಿ ಪಟ್ಟಿಯಲ್ಲಿ ಹೆಸರಿಸಿದ ವಾಹನಗಳಿಗೆ ಮಾತ್ರ. ಬಲ್ಬು ಒಳ್ಳೆಯದಾದರೆ ಸಾಲದು, ಆ ಬಲ್ಬು ಆ ದೀಪದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಮುಖ್ಯ ಎಂದು ಇದರ ಅರ್ಥ.

ಎರಡನೆಯ ಬಗೆಯ, ಇಡಿಯಾಗಿ ವಿನ್ಯಾಸಗೊಳಿಸಿದ ದೀಪವನ್ನು ಕೊಳ್ಳಬಹುದು. ಆದರೆ ಮೇಲೆ ಹೇಳಿದ ಗುರುತೂ ಬಾಣವೂ ಇರಲಿ, ತಯಾರಕರ ಹೆಸರಿರಲಿ, ಕೊಳ್ಳುವ ಮೊದಲು ಗೋಡೆಯ ಮೇಲೆ ಬೆಳಕು ಬಿಟ್ಟು ಅಂಚು ನೋಡಿ. ಬಳೆಯಂತೆ ಹೊಳೆಯುವ ಬಣ್ಣದ ಉಂಗುರ, ರಾಕ್ಷಸನ ಹುಬ್ಬಿನಂಥ ಅಲಂಕಾರ ಇರುವ ದೀಪಗಳಲ್ಲಿ ಹಣವೆಲ್ಲ ಅಲಂಕಾರಕ್ಕೇ ಹೋಗಿರುತ್ತದೆ.

ಮಂಜು, ಮಳೆ ಮತ್ತು ಕಾನೂನು

ಆಂಬೋಲಿಯಲ್ಲೋ ಚಾರ್ಮಾಡಿಯಲ್ಲೋ ಮಂಜು ಕವಿದಾಗ ಅಪ್ಪರ್ ಹಾಕಿ ನೋಡಿದವರಿಗೆ ಗೊತ್ತು: ಮುಂದೆ ಬಿಳಿ ಗೋಡೆ ಎದ್ದುನಿಲ್ಲುತ್ತದೆ. ಮೇಲಕ್ಕೆ ಹೋದ ಬೆಳಕನ್ನು ಮಂಜಿನ ಹನಿಗಳು ಮರಳಿ ನಿಮ್ಮ ಕಣ್ಣಿಗೇ ಎಸೆಯುತ್ತವೆ. ಮಂಜಿಗೆ ಬೇಕಾದದ್ದು ತಗ್ಗಿನಲ್ಲಿ ಕಟ್ಟಿದ, ಅಗಲಕ್ಕೆ ಹರಡುವ, ಮೇಲಂಚು ಸ್ಪಷ್ಟವಾಗಿ ಕತ್ತರಿಸಿದ ಫಾಗ್ ಲ್ಯಾಂಪು. ಬಣ್ಣ ಹಳದಿ ಇರಬೇಕೇ ಬಿಳಿ ಇರಬೇಕೇ ಎಂಬ ವಾದ ಹಳೆಯದು. ಫ್ರಾನ್ಸಿನಲ್ಲಿ 1993ರವರೆಗೆ ಹೆಡ್‌ಲೈಟುಗಳೇ ಹಳದಿಯಾಗಿರುತ್ತಿದ್ದವು. ಹಲವರ ಕಣ್ಣಿಗೆ ಹಳದಿ ಹಿತವೆನಿಸುತ್ತದೆ. ಆದರೆ ನಿಜವಾದ ಕೆಲಸ ಮಾಡುವುದು ದೀಪದ ಎತ್ತರ ಮತ್ತು ಅಂಚು, ಬಣ್ಣವಲ್ಲ. ಮಂಜು ಕಳೆದ ಕೂಡಲೇ ಅದನ್ನು ಆರಿಸಿ.

ತಲೆಯ ಮೇಲೆ ಉದ್ದಕ್ಕೂ ದೀಪದ ಸಾಲು ಕಟ್ಟುವ ಆಸೆ ನಿಮ್ಮಲ್ಲಿ ಅನೇಕರಿಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯ ನಿಯಮದಂತೆ, ನೋಂದಣಿ ಅಧಿಕಾರಿಯ ಮುಂಗಡ ಅನುಮತಿಯಿಲ್ಲದೆ ವಾಹನದ ಮುಂಭಾಗಕ್ಕೆ ಸ್ಪಾಟ್ ಲೈಟಾಗಲಿ ಸರ್ಚ್ ಲೈಟಾಗಲಿ ಹಾಕುವಂತಿಲ್ಲ. ಅನುಮತಿಯೂ ವಿಶೇಷ ಸಂದರ್ಭಗಳಲ್ಲಿ ಮಾತ್ರ. 106ನೆಯ ನಿಯಮ ಮುಂದಿನ ದೀಪ ಎದುರಿನವರ ಕಣ್ಣು ಕೋರೈಸದಂತೆ ತಗ್ಗಿರಬೇಕು ಎನ್ನುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ತಪಾಸಣೆಯೂ ಇದೆ. ಆದ್ದರಿಂದ ಬದಲಾವಣೆ ಮಾಡುವ ಮುನ್ನ ನಿಮ್ಮೂರಿನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ.

ಅಂದ ಹಾಗೆ, 'ಕಣ್ಣು ಕೋರೈಸುವುದು' ಎಂಬ ಮಾತು ನಿಮಗೆ ಹೊಸದಾಗಿದ್ದರೆ ಇಂದೇ ಕಲಿಯಿರಿ. ಅತಿ ಬೆಳಕಿಗೆ ಕಣ್ಣು ಕುರುಡಾದಂತಾಗುವುದನ್ನು ನಮ್ಮ ಹಿರಿಯರು ಹಾಗೆನ್ನುತ್ತಾರೆ. ಬೆಳಕಿನಿಂದಲೂ ಕುರುಡಾಗಬಹುದೆಂದು ತಿಳಿದಿದ್ದ ಭಾಷೆ ನಮ್ಮದು.

ಮೂರನೆಯದು: ಗೋಡೆಗೆ ಮುಖಮಾಡಿ ನಿಲ್ಲಿಸಿ

ಎಷ್ಟೇ ಒಳ್ಳೆಯ ದೀಪವಾದರೂ ಅದರ ದಿಕ್ಕು ಸರಿಯಿಲ್ಲದಿದ್ದರೆ ವ್ಯರ್ಥ. ಈ ಕೆಲಸಕ್ಕೆ ಕಾಸು ಬೇಡ, ಅರ್ಧ ಗಂಟೆ ಸಾಕು. ಸಮತಟ್ಟು ನೆಲ, ಎದುರಿಗೆ ಗೋಡೆ. ಟೈರಿನ ಗಾಳಿ ಸರಿಯಿರಲಿ, ಸದಾ ಹೇರುವಷ್ಟು ಸಾಮಾನು ಗಾಡಿಯಲ್ಲಿರಲಿ, ಸೀಟಿನಲ್ಲಿ ಒಬ್ಬರು ಕುಳಿತಿರಲಿ. ದೀಪದಿಂದ ಗೋಡೆಗೆ ಸರಿಯಾಗಿ 5 ಮೀಟರು. ನೆಲದಿಂದ ದೀಪದ ನಡುವಿನವರೆಗಿನ ಎತ್ತರ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರದಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಪ್ರತಿ ದೀಪದ ನೇರಕ್ಕೆ ಒಂದೊಂದು ಲಂಬ ಗೆರೆ. ಅಡ್ಡಗೆರೆಗಿಂತ 5 ಸೆಂಟಿಮೀಟರು ಕೆಳಗೆ ಇನ್ನೊಂದು ಅಡ್ಡಗೆರೆ. ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದರ ಡಿಪ್ಪರ್ ಹಾಕಿ. ಬೆಳಕಿನ ಮಟ್ಟಸ ಅಂಚು ಕೆಳಗಿನ ಗೆರೆಯ ಮೇಲೆ ಕೂರಬೇಕು. ಅಂಚು ಎಡಕ್ಕೆ ಏರಲಾರಂಭಿಸುವ ಮೂಲೆ ಲಂಬ ಗೆರೆಯ ಹತ್ತಿರ ಬರಬೇಕು. ದೀಪದ ಚೌಕಟ್ಟಿನ ತಿರುಪುಗಳನ್ನು ತಿರುವಿ ಹೊಂದಿಸಿ. ಮೀಟರಿಗೆ 1 ಸೆಂಟಿಮೀಟರು ಇಳಿದ ಬೆಳಕು, 90 ಸೆಂಟಿಮೀಟರು ಎತ್ತರದ ದೀಪದಿಂದ ಹೊರಟರೆ, 90 ಮೀಟರಿನಲ್ಲಿ ನೆಲ ಮುಟ್ಟುತ್ತದೆ.

ಜೀಪನ್ನು ಎತ್ತರಿಸಿದ್ದರೆ, ದೊಡ್ಡ ಟೈರು ಹಾಕಿದ್ದರೆ, ಹಿಂದಿನ ಸೀಟಿನಲ್ಲಿ ಆರು ಜನರನ್ನು ತುಂಬಿದ್ದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಗಾಡಿಯ ಮೂತಿ ಒಂದೇ ಒಂದು ಡಿಗ್ರಿ ಮೇಲೆದ್ದರೆ 50 ಮೀಟರಿನಾಚೆ ಬೆಳಕು 87 ಸೆಂಟಿಮೀಟರು ಮೇಲೇರುತ್ತದೆ. ನೆಲಕ್ಕೆ ಬೀಳಬೇಕಾದದ್ದು ಎದುರಿನ ಸವಾರನ ಮುಖಕ್ಕೆ ಬೀಳುತ್ತದೆ. ಆದ್ದರಿಂದ ಗಾಡಿಯ ಎತ್ತರ ಬದಲಿಸಿದಾಗಲೆಲ್ಲ ಮತ್ತೆ ಗೋಡೆಯ ಮುಂದೆ ನಿಲ್ಲಿಸಿ.

ಬೆಳಕಿದ್ದಷ್ಟೇ ವೇಗ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಿಮಗೆ ಗೊತ್ತಿದೆ. ರಾತ್ರಿಯ ರಸ್ತೆಯಲ್ಲಿ ಹಾಸಿಗೆಯೆಂದರೆ ಬೆಳಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತೀರಿ. ಅಡ್ಡಬಂದದ್ದನ್ನು ಕಂಡು ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ಆಗಲೇ 25 ಮೀಟರು ಮುಗಿಯಿತು. ಹಳೆಯ ಡ್ರಮ್ ಬ್ರೇಕಿನ ಗಾಡಿ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 28 ಮೀಟರಾದರೂ ಬೇಕು, ಒದ್ದೆ ರಸ್ತೆಯಲ್ಲಿ 45 ದಾಟಬಹುದು. ಅಂದರೆ ಮಳೆಯಲ್ಲಿ ಒಟ್ಟು 70 ಮೀಟರು. ಕಪ್ಪು ಕಂಬಳಿ ಹೊದ್ದು ನಡೆಯುವ ಒಬ್ಬ ಮನುಷ್ಯ ಡಿಪ್ಪರಿನ ಬೆಳಕಿನಲ್ಲಿ 50 ಮೀಟರಿನಾಚೆ ಕಾಣುವುದೇ ಕಷ್ಟ. 40ಕ್ಕೆ ಇಳಿಸಿ ನೋಡಿ, ಅದೇ ಒದ್ದೆ ರಸ್ತೆಯಲ್ಲಿ 38 ಮೀಟರಿನೊಳಗೆ ನಿಲ್ಲುತ್ತೀರಿ. ಜಗತ್ತಿನ ಯಾವ ಬಲ್ಬೂ ಇಷ್ಟು ಅಗ್ಗದಲ್ಲಿ ಇಷ್ಟು ರಕ್ಷಣೆ ಕೊಡುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಟೀನು ತೂಗುಹಾಕುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳಿ. ಆ ಲಾಟೀನಿಗೆ ಎರಡು ಕೆಲಸ: ಎತ್ತಿಗೂ ಗಾಡಿಯವನಿಗೂ ದಾರಿ ತೋರಿಸುವುದು, ಇಲ್ಲೊಂದು ಗಾಡಿ ಬರುತ್ತಿದೆ ಎಂದು ಇತರರಿಗೆ ತಿಳಿಸುವುದು. ಯಾರ ಕಣ್ಣಿಗೂ ಅದು ಚುಚ್ಚುತ್ತಿರಲಿಲ್ಲ. ನಿಮ್ಮ ಜೀಪಿನ ದೀಪಕ್ಕೂ ಈ ಎರಡೇ ಕೆಲಸ. ಲಾರಿಗಳ ಹಿಂಭಾಗದಲ್ಲಿ "ರಾತ್ರಿ ಡಿಪ್ಪರ್ ಬಳಸಿ" ಎಂಬರ್ಥದ ಇಂಗ್ಲಿಷ್ ಸಾಲನ್ನು ಓದಿ ಓದಿ ನಮಗೆ ಅದು ಚಿತ್ತಾರದಂತಾಗಿದೆ. ಅದನ್ನು ಬರೆಸಿದವನು ರಾತ್ರಿಯಿಡೀ ಸ್ಟೇರಿಂಗ್ ಹಿಡಿದು ಕೂರುವ ಚಾಲಕ. ಅವನು ಬೇಡಿಕೊಳ್ಳುತ್ತಿರುವುದು ತನ್ನ ಜೀವಕ್ಕಾಗಿ.

ಊರಿಗೆ ಹೋಗುವ ದಾರಿಯ ಬಗ್ಗೆ ಯೋಚಿಸಿ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಬೀದಿದೀಪಗಳಿಲ್ಲ, ರಸ್ತೆ ಒಂದೇ ಗಾಡಿಯ ಅಗಲ. ಎದುರಿಗೆ ಬರುವುದು ಹಾಲಿನ ಡೈರಿಯಿಂದ ಮರಳುವ ಸೈಕಲ್ಲು, ಕೊನೆಯ ಬಸ್ಸು ಇಳಿದು ನಡೆದುಬರುವ ಹೆಂಗಸರು, ಟ್ಯೂಷನ್ ಮುಗಿಸಿದ ಮಕ್ಕಳು. ಕಣ್ಣು ಕೋರೈಸಿದಾಗ ಅವರು ಇಡುವ ಮುಂದಿನ ಹೆಜ್ಜೆ ಚರಂಡಿಗೋ, ನಿಮ್ಮ ಚಕ್ರದ ಮುಂದಕ್ಕೋ ಅವರಿಗೇ ತಿಳಿಯದು. ಅವರಲ್ಲಿ ಒಬ್ಬರು ನಿಮ್ಮ ಸೋದರತ್ತೆಯೇ ಇರಬಹುದು. ಇಲ್ಲವಾದರೆ ಇನ್ನಾರದೋ ಸೋದರತ್ತೆ. ದೊಡ್ಡ ಶಹರದಲ್ಲಿ ಬೆಳೆದ ನಿಮ್ಮನ್ನು ಅವರು ಮೊದಲು ಕಾಣುವುದು ನಿಮ್ಮ ದೀಪದಿಂದಲೇ. "ಪಟ್ಟಣದ ಹುಡುಗರು ಬಂದರು, ದಾರಿ ಬಿಡಿ" ಎಂದು ಅವರು ಬದಿಗೆ ಹಾರಿ ನಿಲ್ಲಬೇಕೋ, "ಯಾರ ಮನೆಯ ಮಕ್ಕಳೋ, ಲೈಟು ತಗ್ಗಿಸಿದರು" ಎನ್ನಬೇಕೋ ಎಂಬುದು ನಿಮ್ಮ ಎಡಗಾಲಿನ ಅಥವಾ ಎಡಗೈಯ ಒಂದು ಸಣ್ಣ ಚಲನೆಯಲ್ಲಿದೆ.

ಆದ್ದರಿಂದ ಮಿತ್ರರೇ, ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಮಲ್ಟಿಮೀಟರು ಮತ್ತು ಮರಳು ಕಾಗದ, ಆಮೇಲೆ ರಿಲೇ ಮತ್ತು ಒಳ್ಳೆಯ ವಯರು, ಆಮೇಲೆ ಹೊಸ ರಿಫ್ಲೆಕ್ಟರು, ಆಮೇಲೆ 60/55ರ ಒಳ್ಳೆಯ ಬಲ್ಬು, ಕೊನೆಗೆ ಸೀಮೆಸುಣ್ಣ ಮತ್ತು ಗೋಡೆ. ಇಷ್ಟಾದ ಮೇಲೂ ಸಾಲದೆನಿಸಿದರೆ ಮಾತ್ರ ಎಲ್.ಇ.ಡಿ. ದೀಪದ ಅಂಗಡಿಗೆ ಹೋಗಿ. ಬಹಳ ಜನಕ್ಕೆ ಆ ಅಂಗಡಿಯ ಮೆಟ್ಟಿಲು ಹತ್ತುವ ಅಗತ್ಯವೇ ಬೀಳುವುದಿಲ್ಲ.

ಈ ಮಳೆಗಾಲದ ಮೊದಲ ಪ್ರವಾಸಕ್ಕೆ ಮುನ್ನ ಒಂದು ಭಾನುವಾರ ಸಂಜೆ ನಿಮ್ಮ ನಿಮ್ಮ ಗಾಡಿಗಳನ್ನು ಒಂದೇ ಗೋಡೆಯ ಮುಂದೆ ಸಾಲಾಗಿ ತಂದು ನಿಲ್ಲಿಸಿ, ಒಬ್ಬರ ದೀಪವನ್ನು ಇನ್ನೊಬ್ಬರು ಸರಿಮಾಡಿಕೊಡಿ. ಸೀಮೆಸುಣ್ಣ ತರಲು ಮರೆಯಬೇಡಿ.